ತಿರುಪು ಜಾರಿದ್ದು

ಕತ್ತಿ ಕೆಡಿಸಿದ್ದು ನಮ್ಮ ಯಜಮಾನರ ಕೈ ಅಲ್ಲ. ನಾನು ತರಿಸಿದ ಅಗ್ಗದ ಸಾಮಾನಿನ ತಿರುಪು. ಅದು ನನಗೆ ಗೊತ್ತಾದ ದಿನವೇ ಅವರಿಗೆ ಹೇಳಿದೆ. ಅವರು ನಂಬಲಿಲ್ಲ. ನಂಬದ ಹಾಗೆ ಮಾಡಿಟ್ಟವಳೂ ನಾನೇ. ಅದಾದ ಮೇಲೆ ಒಂದು ವರ್ಷ ಬದುಕಿದ್ದರು, ಕತ್ತಿ ಮುಟ್ಟಲಿಲ್ಲ. ಸತ್ತದ್ದು ಎದೆನೋವಿನಿಂದ. ಕತ್ತಿಯ ಕೊರಗಿನಲ್ಲೇ ಹೋದರು ಎಂದು ತಿಥಿಗೆ ಬಂದವರು ಯಾರೋ ಅಂದರು. ಹಾಗೇನಿಲ್ಲ ಎಂದೆ. ಎದೆನೋವಿಗೆ ಎದೆನೋವು ಅನ್ನಬೇಕು. ಆದರೆ ತಮ್ಮ ಕೈ ಪೂರ್ತಿ ಹೋಯಿತು ಎಂದುಕೊಂಡೇ ಹೋದರು. ಅದು ಸುಳ್ಳು. ಆ ಸುಳ್ಳನ್ನು ಅವರ ತಲೆಯಿಂದ ತೆಗೆಯಲು ನನ್ನಿಂದ ಆಗಲಿಲ್ಲ.

ನಮ್ಮದು ಅರಸೀಕೆರೆಯಿಂದ ಗಂಡಸಿ ಪೇಟೆಗೆ ಹೋಗುವ ಕಡೆ ಒಂದು ಸಣ್ಣ ಊರು. ತೆಂಗು, ರಾಗಿ, ಎರಡು ಹಸು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಆರಿ ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ಬಡಿದು ಬಿರುಕು ಬಿಡಿಸಿ, ಸಣ್ಣ ಕತ್ತಿಯಿಂದ ಚಿಪ್ಪನ್ನು ಚೂರು ಚೂರಾಗಿ ಎಬ್ಬಿಸಬೇಕು. ಉಂಡೆಗೆ ಗಾಯವಾಗಬಾರದು. ಗಾಯವಾದ ಉಂಡೆಯನ್ನು ಮಂಡಿಯವರು ಮಾತೇ ಆಡದೆ ಬೇರೆ ರಾಶಿಗೆ ಎಸೆಯುತ್ತಾರೆ. ಈ ಕೆಲಸವನ್ನು ಮದುವೆಯಾಗಿ ಬಂದ ವರ್ಷದಿಂದ ಮಾಡಿದ್ದೇನೆ. ನನ್ನ ಹೆಬ್ಬೆರಳು ಈಗಲೂ ಸೊಟ್ಟಗೇ ಇದೆ, ಅದರಿಂದಲೇ.

ಆ ಸಣ್ಣ ಕತ್ತಿ ಅಂಗಡಿಯ ಚಾಕುವಿನಂತಲ್ಲ. ಕುಲುಮೆಯಲ್ಲಿ ಬಡಿಸಿದ್ದು. ಬೆನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳು. ನಮ್ಮ ಮನೆಯಲ್ಲಿ ಅದನ್ನು ಒಂದೇ ಮಗ್ಗುಲಿಗೆ ಮಸೆಯುತ್ತಿದ್ದೆವು. ಇನ್ನೊಂದು ಮಗ್ಗುಲು ಹಲಗೆಯ ಹಾಗೆ ಸಪಾಟು. ಸಪಾಟು ಮಗ್ಗುಲು ಕೊಬ್ಬರಿಯ ಕಡೆಗೆ ಬರುವಂತೆ ತೂರಿಸಿದರೆ ಕತ್ತಿ ಉಂಡೆಯ ಮೇಲೆ ಜಾರಿಕೊಂಡು ಹೋಗುತ್ತದೆ, ಕಚ್ಚುವುದಿಲ್ಲ. ಎರಡೂ ಮಗ್ಗುಲು ಮಸೆದರೆ ಕಚ್ಚುತ್ತದೆ. ಇದನ್ನು ನಮ್ಮ ಮಾವನವರು ಮಗನಿಗೆ ಕಲಿಸಿದ್ದರು. ನನಗೆ ಯಾರೂ ಕಲಿಸಲಿಲ್ಲ. ಮಸೆಯುವುದು ಅವರ ಕೆಲಸ, ಸುಲಿಯುವುದು ನನ್ನದು.

ಬೆಳಗ್ಗೆ ಹಸು ಕರೆದು ನಾನು ಒಳಗೆ ಬರುವ ಹೊತ್ತಿಗೆ ಅವರು ಬಚ್ಚಲ ಪಕ್ಕದ ಚಪ್ಪಡಿಯ ಮೇಲೆ ಮಸೆಗಲ್ಲು ಇಟ್ಟುಕೊಂಡು ಕುಳಿತಿರುತ್ತಿದ್ದರು. ಹಣೆಗೆ ವಿಭೂತಿ, ಮೊಣಕಾಲಿನ ಮೇಲಕ್ಕೆ ಕಟ್ಟಿದ ಪಂಚೆ. ಕಲ್ಲಿಗೆ ನೀರು ಚಿಮುಕಿಸಿ ಒಂದೇ ಸಮ ಎಳೆಯುವರು. ಸದ್ದಿನಲ್ಲಿ ಏರಿಳಿತವೇ ಇರುತ್ತಿರಲಿಲ್ಲ. ಮುಗಿದ ಮೇಲೆ ಕತ್ತಿಯನ್ನು ನೆಲಕ್ಕಿಡುವರು, ನಾನು ನೆಲದಿಂದ ಎತ್ತಿಕೊಳ್ಳುವೆ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ನಮ್ಮ ಕಡೆ ಹಾಗೆ ಮಾಡುವುದಿಲ್ಲ. ನಾವು ನೆಲಕ್ಕಿಟ್ಟೇ ತೆಗೆದುಕೊಂಡೆವು, ಜಗಳವೂ ಆಡಿದೆವು.

ಊರಿನ ಹೆಂಗಸರೂ ಈಳಿಗೆ, ಕುಡುಗೋಲು, ಕತ್ತಿ ತಂದು ಕೊಡುವರು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಬಾಯಿಗೆ ಬಂದಂತೆ ಅನ್ನುವ ಹಕ್ಕು ಮಾತ್ರ ಇವರದು.

"ಇದ್ರಲ್ಲಿ ಏನ್ ಕಡಿದ್ರವ್ವಾ, ರೈಲು ಕಂಬಿನಾ?"

"ಸೊಪ್ಪು ಕೊಯ್ದಿದ್ದು ಕಣಣ್ಣಾ."

"ಹಂಗಾರೆ ಆ ಸೊಪ್ಪು ತಿಂದ ನಿನ್ ಗಂಡನ ಹಲ್ಲು ಅದಾವಾ ನೋಡು ಮೊದ್ಲು."

ಒಮ್ಮೆ ನನ್ನ ತಮ್ಮ ಹಳೇಬೀಡಿನ ಕಡೆಯಿಂದ ಒಂದು ತುಂಡು ಬಳಪದ ಕಲ್ಲು ತಂದ. ಶಿಲ್ಪ ಕೆತ್ತುವ ಕಲ್ಲು, ನುಣ್ಣಗಿದೆ, ಕತ್ತಿ ಮಸೆಯಲು ಬಹಳ ಚೆನ್ನ ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಇವರು ಉಗುರಿನಿಂದ ಗೀರಿದರು. ಗೆರೆ ಬಿತ್ತು. "ಇದು ದೇವ್ರಾಗೋ ಕಲ್ಲು ಕಣಪ್ಪ, ಕತ್ತಿ ಮಸೆಯೋದಲ್ಲ. ತಕ್ಕೊಂಡೋಗಿ ಪೂಜೆ ಮಾಡು" ಎಂದರು. ತಮ್ಮ ಮೂರು ತಿಂಗಳು ನಮ್ಮ ಮನೆ ಕಡೆ ಬರಲಿಲ್ಲ. ಮಸೆಯುವ ಕೈ ವಿಷಯದಲ್ಲಿ ಇವರಿಗೆ ಅಷ್ಟು ಜಂಬ.

ನಡುಕ ಮೊದಲು ಕಾಣಿಸಿದ್ದು ಕಾಫಿ ಲೋಟದಲ್ಲಿ. ಬಲಗೈ. ಬಿಸಿ ಇದೆ ಅದಕ್ಕೆ ಎಂದರು. ಮಾರನೆಯ ದಿನ ಆರಿಸಿ ಕೊಟ್ಟೆ, ಆಗಲೂ ಅಲ್ಲಾಡಿತು. ಅರಸೀಕೆರೆಯಲ್ಲಿ ಡಾಕ್ಟರಿಗೆ ತೋರಿಸಿದೆವು. ಮಾತ್ರೆ ಬರೆದರು. ಕಡಿಮೆಯಾಗುತ್ತೆ, ಪೂರ್ತಿ ನಿಲ್ಲೋದಿಲ್ಲ ಎಂದರು. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿ ಕಡೆ ಮುಖ ಮಾಡಿಕೊಂಡು ಕುಳಿತಿದ್ದರು, ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು.

ಮಸೆಯುವುದನ್ನು ಬಿಡಲಿಲ್ಲ. ದಿನಾ ಆಗುತ್ತಿರಲಿಲ್ಲ, ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ, ಮನೆಯಲ್ಲಿದ್ದ ಆರು ಕತ್ತಿಯನ್ನೂ ಒಟ್ಟಿಗೆ ಮುಗಿಸುವರು. ಕಲ್ಲಿನ ಸದ್ದು ಈಗ ಎಡವುತ್ತಿತ್ತು. ಕತ್ತಿ ಹಿಡಿದರೆ ನನಗೆ ಗೊತ್ತಾಗುತ್ತಿತ್ತು. ಅಲಗು ಒಂದು ಕಡೆ ಏರು, ಒಂದು ಕಡೆ ಇಳಿ. ಮೊದಲ ವಾರವೇ ಸುಲಿದ ಉಂಡೆಗಳಲ್ಲಿ ಬಹಳಷ್ಟು ಗಾಯ.

ನಾನು ಮುಖಕ್ಕೆ ಹೊಡೆದಂತೆ ಮಾತಾಡುವವಳು. ಬೀಗರ ಮನೆಯಲ್ಲೂ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಬಂದವಳು. ಅಂಥವಳು ಆ ದಿನ, "ಹೆಂಗೈತೆ?" ಎಂದು ಅವರು ಕೇಳಿದಾಗ, "ಚೆನ್ನಾಗೈತೆ" ಎಂದೆ. ಯಾಕೆ ಅಂದೆನೋ. ಅವರು ಕೇಳಿದ್ದೇ ಮೊದಲ ಸಲ. ನಲವತ್ತು ವರ್ಷ ಕತ್ತಿ ಹೇಗಿದೆ ಎಂದು ಅವರು ನನ್ನನ್ನು ಕೇಳಿರಲಿಲ್ಲ. ಗೊತ್ತಿರುತ್ತಿತ್ತು.

ಅಂದ ಮೇಲೆ ಅದನ್ನು ನಿಜ ಮಾಡಬೇಕಲ್ಲ. ಸಂತೆಯ ದಿನ ಆರು ಕತ್ತಿಯನ್ನೂ ಹಳೆಯ ಟವಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿ ಅರಸೀಕೆರೆಗೆ ಹೋದೆ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಪೆಡಲ್ ತುಳಿಯುತ್ತಾ ಸಾಣೆ ಹಿಡಿಯುವವನೊಬ್ಬ ಸಂತೆಯ ಬಾಯಲ್ಲಿ ನಿಲ್ಲುತ್ತಿದ್ದ.

"ಒಂದೇ ಕಡೆ ಹಿಡಿಯಪ್ಪ. ಈ ಸಪಾಟು ಕಡೆ ಮುಟ್ಟಬೇಡ."

"ಯಾಕಜ್ಜಿ, ಅರ್ಧ ದುಡ್ಡು ಕೊಡೋಕೆ ಪ್ಲಾನಾ?"

"ಪೂರಾ ಕೊಡ್ತೀನಿ. ಅರ್ಧ ಬಾಯಿ ಮುಚ್ಕೊಂಡು ಮಾಡು."

ಅಲ್ಲಿಂದ ಪ್ರತಿ ವಾರ ಇದೇ. ಹಿಂದಿನ ದಿನ ಅವರು ಮಸೆಯುವರು, ಮಾರನೆಯ ದಿನ ನಾನು ಮಸೆಯಿಸುವೆ. ಉಂಡೆಗಳಲ್ಲಿ ಗಾಯ ನಿಂತಿತು. ಅವರ ಮುಖಕ್ಕೆ ಕಳೆ ಬಂತು. ಸುಲಿದ ರಾಶಿಯಿಂದ ಒಂದು ಉಂಡೆ ಎತ್ತಿ ತಿರುಗಿಸಿ ನೋಡಿ, "ಡಾಕ್ಟ್ರು ಏನೋ ಅಂದ್ನಲ್ಲೇ. ನೋಡಿಲ್ಲಿ. ಒಂದು ಗೀರು ತೋರ್ಸು" ಎನ್ನುವರು. ನಾನು ತಲೆ ತಗ್ಗಿಸಿ ಮುಂದಿನ ಕಾಯಿ ತೆಗೆದುಕೊಳ್ಳುವೆ. ಊರಿನ ಹೆಂಗಸರ ಕತ್ತಿಗಳೂ ಬರುತ್ತಿದ್ದವಲ್ಲ, ಅವನ್ನೂ ಚೀಲಕ್ಕೆ ಹಾಕಿಕೊಂಡೇ ಹೋಗುತ್ತಿದ್ದೆ. ಹೀಗೆ ನಾಲ್ಕು ತಿಂಗಳು.

ಒಂದು ವಾರ ಸಾಣೆಯವನು ಇರಲಿಲ್ಲ. ಅವನ ಭಾಮೈದನಂತೆ, ಅವನು ಪೆಡಲ್ ತುಳಿಯುತ್ತಿದ್ದ. ಒಂದೇ ಕಡೆ ಎಂದು ಅವನಿಗೂ ಹೇಳಿ, ಮೆಣಸಿನಕಾಯಿ ತೂಗಿಸಲು ಹೋದೆ. ಬಂದು ನೋಡದೆ ಸುತ್ತಿಕೊಂಡು ಬಂದೆ. ಅಲ್ಲೇ ತಪ್ಪಿದ್ದು. ಅವನು ಎರಡೂ ಮಗ್ಗುಲು ಹಿಡಿದಿದ್ದ.

ಮಾರನೆಯ ಬೆಳಗ್ಗೆ ಇವರು ಅಡಿಕೆ ಹೋಳು ಮಾಡಿಕೊಳ್ಳಲು ಒಂದು ಕತ್ತಿ ಎತ್ತಿಕೊಂಡರು. ಹೆಬ್ಬೆರಳನ್ನು ಸಪಾಟು ಮಗ್ಗುಲಿನ ಮೇಲೆ ಒಮ್ಮೆ ಎಳೆದರು. ಇನ್ನೊಮ್ಮೆ ಎಳೆದರು. ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಚಕ್ರ ಅಲಗಿಗೆ ಅಡ್ಡಡ್ಡ ಗೀರು ಹಾಕುತ್ತದೆ, ಕೈಗಲ್ಲು ಓರೆ ಗೀರು. ನನಗೆ ಅದು ಆಮೇಲೆ ಗೊತ್ತಾಯಿತು, ಅವರಿಗೆ ನೋಡಿದರೆ ಸಾಕು. ವಾರವೆಲ್ಲ ಸುಲಿದ ಕತ್ತಿಗೆ ಜಿಡ್ಡು ಹತ್ತಿ ಗೀರು ಮುಚ್ಚಿಹೋಗುತ್ತಿತ್ತು, ಅದಕ್ಕೇ ಅಲ್ಲಿಯವರೆಗೆ ಕಂಡಿರಲಿಲ್ಲ. ಅಡಿಕೆ ಹಾಗೇ ಬಿಟ್ಟು ತೋಟಕ್ಕೆ ಹೋದರು. ಊಟಕ್ಕೆ ಬಂದು ಕುಳಿತಾಗ ಕೇಳಿದರು.

"ಎಷ್ಟು ದಿನದಿಂದ?"

ಏನು ಎಂದು ಕೇಳಬಹುದಿತ್ತು. ಕೇಳಲಿಲ್ಲ. "ನಾಕು ತಿಂಗಳು" ಎಂದೆ.

"ನಾಕು ತಿಂಗಳು." ಮುದ್ದೆ ಮುರಿದವರು ತಟ್ಟೆಯಲ್ಲೇ ಬಿಟ್ಟರು. "ಅಲ್ಲ ಕಣೇ, ನಾಕು ತಿಂಗಳು ನಾನು ಊರೆಲ್ಲ ಹೇಳ್ಕೊಂಡು ತಿರುಗಿದ್ನಲ್ಲೇ. ನನ್ ಕೈಗೆ ಏನೂ ಆಗಿಲ್ಲ ಅಂತ."

"ನಿಮ್ಗೆ ಬೇಜಾರಾಗ್ತದೆ ಅಂತ..."

"ಬೇಜಾರು ಆಗ್ಲಿ ಬಿಡು. ಬೇಜಾರು ಆಗಿ ಹೋಗ್ತಿತ್ತು. ಈಗ ನೀನು ಏನ್ ಹೇಳಿದ್ರೂ ಹೆಂಗೆ ನಂಬ್ಲಿ?"

ಆ ಮಾತನ್ನು ಆಗ ನಾನು ಸಿಟ್ಟಿನ ಮಾತು ಎಂದುಕೊಂಡೆ. ಸಿಟ್ಟಲ್ಲ, ಲೆಕ್ಕ ಹಾಕಿ ಆಡಿದ ಮಾತು.

ನಮ್ಮ ಒಬ್ಬಳೇ ಮಗಳನ್ನು ಹಗರೆಗೆ ಕೊಟ್ಟಿದ್ದೇವೆ. ಅವಳಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವಳು ಎರಡು ದಿನ ಬಿಟ್ಟು ಫೋನ್ ಮಾಡಿದಳು. "ಅಮ್ಮಾ, ಒಂದು ಮಸೆಯೋ ಸೆಟ್ಟು ಬತ್ತದೆ. ಕತ್ತಿನ ಇಕ್ಕಳದಲ್ಲಿ ಕಚ್ಚಿಸಿ ಇಡೋದು. ಕಲ್ಲು ಒಂದು ಸರಳಿಗೆ ಸಿಕ್ಕಿರ್ತದೆ, ಸರಳು ಕಾಲಿನ ತೂತಲ್ಲಿ ಓಡಾಡ್ತದೆ. ಕೈ ನಡುಗಿದ್ರೂ ಕಲ್ಲಿನ ಓರೆ ಬದಲಾಗಲ್ಲ. ಅಪ್ಪಂಗೆ ಸರಿಯಾಗ್ತದೆ" ಎಂದಳು. ಎರಡು ಥರ ಇದೆಯಂತೆ. ಒಂದು ಹೆಸರಿರುವ ಕಂಪನಿಯದು, ಬೆಲೆ ಜಾಸ್ತಿ. ಇನ್ನೊಂದು ನೋಡಲು ಅದರ ಹಾಗೇ, ಹತ್ತರಲ್ಲಿ ಒಂದು ಪಾಲು ಬೆಲೆ.

"ಅಗ್ಗದ್ದೇ ಸಾಕು" ಎಂದೆ. "ಕಲ್ಲಿಗೇನೇ ಹೆಸರು?"

"ಕಲ್ಲಲ್ಲಮ್ಮ, ಹಿಡಿಯೋದು..."

"ನಿಮ್ಮಪ್ಪನ ಹತ್ರ ಇರೋ ಕಲ್ಲಿಗೆ ಯಾವ ಕಂಪನಿ ಹೆಸರೈತೆ? ಅಗ್ಗದ್ದು ಕಳ್ಸು."

ಅಗ್ಗದ್ದು ಬಂತು. ರಟ್ಟಿನ ಪೆಟ್ಟಿಗೆ, ಒಳಗೆ ನಾಲ್ಕು ಬಣ್ಣದ ನಾಲ್ಕು ಕಲ್ಲು, ಬೆರಳಗಲದವು. ಒಂದು ಸರಳು, ಒಂದು ಕಾಲು, ಒಂದು ಇಕ್ಕಳ. ಇಕ್ಕಳಕ್ಕೆ ಒಂದೇ ತಿರುಪು. ಕಾಲಿನ ಅಡಿಯಲ್ಲಿ ಅಂಟಿಕೊಳ್ಳುವ ರಬ್ಬರು. ಅದು ಗಾಜಿಗೋ ಟೈಲ್ಸಿಗೋ ಅಂಟುವ ರಬ್ಬರು, ನಮ್ಮ ಗಾರೆ ನೆಲಕ್ಕೆ ಅಂಟಲಿಲ್ಲ. ಇವರೇ ಅದನ್ನು ಒಂದು ಹಲಗೆಗೆ ಮೊಳೆ ಹೊಡೆದು ಕೂರಿಸಿದರು. ಮೊಳೆ ಹೊಡೆಯುವಾಗ ಎರಡು ಸಲ ಬೆರಳಿಗೆ ಬಿತ್ತು, ಆದರೂ ಉತ್ಸಾಹವಿತ್ತು. ನಿಜ ಹೇಳುತ್ತೇನೆ, ಆ ದಿನ ಅವರಿಗೆ ಆಸೆ ಬಂದಿತ್ತು. ಹಸಿವಾದವನು ಒಲೆ ಕಡೆ ನೋಡುವ ಹಾಗೆ ಆ ಸರಳಿನ ಕಡೆ ನೋಡುತ್ತಿದ್ದರು.

"ಬಾರೇ ಇಲ್ಲಿ" ಎಂದು ನನ್ನನ್ನು ಕರೆದರು. "ನೋಡು. ಕೈ ಅಲ್ಲಾಡಿದ್ರೂ ಸರಳು ಅಲ್ಲಾಡ್ತಿಲ್ಲ."

ಮಾತು ಸರಿ. ಸರಳು ಅಲ್ಲಾಡುತ್ತಿರಲಿಲ್ಲ. ಇಬ್ಬರೂ ಸರಳನ್ನೇ ನೋಡುತ್ತಿದ್ದೆವು. ಇಕ್ಕಳವನ್ನು ಯಾರೂ ನೋಡಲಿಲ್ಲ.

ಅವರಿಗೆ ಪ್ರೀತಿಯ ಕತ್ತಿ ಒಂದಿತ್ತು, ಆರರಲ್ಲಿ ಹಳೆಯದು, ಮಾವನವರು ಬಡಿಸಿದ್ದು. ಮೊದಲು ಅದನ್ನೇ ಕಚ್ಚಿಸಿದರು. ಸುಮಾರು ಅರ್ಧ ಗಂಟೆ ಎಳೆದರು. ಬಿಚ್ಚಿ ತೆಗೆದಾಗ ಅಲಗು ಹಾವು ಹರಿದ ಹಾಗಿತ್ತು. ಮೊನೆಯ ಹತ್ತಿರ ತೆಳುವಾಗಿ ಕಾಗದದಂತೆ ಮಡಚಿಕೊಂಡಿತ್ತು, ಹಿಡಿಯ ಹತ್ತಿರ ಕಲ್ಲು ತಾಗಿಯೇ ಇರಲಿಲ್ಲ, ನಡುವೆ ಒಂದು ಹೊಂಡ. ಅಷ್ಟು ವರ್ಷ ಸವೆದು ಸವೆದು ಉಳಿದಿದ್ದ ಉಕ್ಕು, ಮತ್ತೆ ಹದಕ್ಕೆ ತರುವಷ್ಟು ಮಿಕ್ಕಿರಲಿಲ್ಲ.

ಅವರು ಕತ್ತಿಯನ್ನು ನೋಡಿದರು, ಕೈಯನ್ನು ನೋಡಿದರು.

"ಮಿಷಿನ್ನು ಹಿಡ್ಕೊಟ್ರೂ ಆಗ್ಲಿಲ್ಲ" ಎಂದರು. "ಮುಗೀತು ಬಿಡು."

ನಾನು ಏನಾದರೂ ಅನ್ನಬೇಕಿತ್ತು. ಇನ್ನೊಂದು ಕತ್ತಿ ನೋಡಿ ಎಂದಾದರೂ ಅನ್ನಬೇಕಿತ್ತು. ನನಗೂ ಹಾಗೇ ಅನ್ನಿಸಿತು, ಕೈ ಮುಗಿಯಿತು ಎಂದು. ಸುಮ್ಮನೆ ಹಲಗೆ ಎತ್ತಿ ಅಟ್ಟದ ಮೆಟ್ಟಿಲ ಕೆಳಗೆ ಇಟ್ಟೆ.

ಅಲ್ಲಿಂದ ಮಸೆಗಲ್ಲನ್ನೂ ಮುಟ್ಟಲಿಲ್ಲ. ಎದುರು ಮನೆಯವಳು ಈಳಿಗೆ ತಂದರೆ, "ಪ್ಯಾಟೆಗೆ ಕೊಡವ್ವ, ಇಲ್ಲಿ ಮಸೆಯೋರು ಯಾರೂ ಇಲ್ಲ" ಎಂದರು. ಅವಳು ತಮಾಷೆ ಎಂದು ನಕ್ಕಳು. ಅವರು ನಗದಿದ್ದನ್ನು ನೋಡಿ ಈಳಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಯಾರಾದರೂ ಬಂದರೆ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುವರು. ಊಟಕ್ಕೆ ಎಲ್ಲರ ಜೊತೆ ಕೂರಲಿಲ್ಲ. ಮಠದಲ್ಲಿ ಪ್ರಸಾದಕ್ಕೆ ಕರೆದರೂ ಪಂಕ್ತಿಗೆ ಕೂರದೆ ಬಂದರು. ಅನ್ನ ಚೆಲ್ಲುತ್ತದಲ್ಲ.

ಒಂದು ತಿಂಗಳಾಗಿರಬೇಕು. ಮಗಳು ಹಗರೆಯಿಂದ ಹೊರಟು ಹಳೇಬೀಡಿನಲ್ಲಿ ಬಸ್ ಬದಲಾಯಿಸಿ ಬಂದಳು. ಕೈಯಲ್ಲಿ ಭಾರದ ಪೆಟ್ಟಿಗೆ. ನನ್ನನ್ನು ಕೇಳದೆ ದುಬಾರಿಯದ್ದನ್ನು ತರಿಸಿದ್ದಳು. ಅವಳು ಹಾಲು ಮಾರಿ ಕೂಡಿಟ್ಟ ದುಡ್ಡು. ಅವರ ಮುಂದೆ ಇಟ್ಟಳು.

"ಅಪ್ಪಾ, ಇದು ಬೇರೆ."

"ನಿನ್ ಮಗಳಿಗೆ ಪೆನ್ಸಿಲ್ ಚೂಪು ಮಾಡೋಕೆ ಇಟ್ಕೊ" ಎಂದು ಎದ್ದು ಗಂಡಸಿ ಪೇಟೆಗೆ ಕ್ಷೌರಕ್ಕೆ ಹೋದರು.

ಮಗಳು ಹಟದವಳು, ನನ್ನಂತೆ. ಮೆಟ್ಟಿಲ ಕೆಳಗಿನ ಹಲಗೆಯನ್ನೂ ಹೊರಗೆ ತೆಗೆದಳು. ಜಗಲಿಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ದೂರದಿಂದ ಎರಡೂ ಅಕ್ಕತಂಗಿಯರ ಹಾಗೆ. ಹತ್ತಿರ ಹೋದರೆ ಹೆಸರಿನದು ಒಂದು ಸೇರು ರಾಗಿಯಷ್ಟು ತೂಕ, ಅಗ್ಗದ್ದು ಹುಲ್ಲುಕಡ್ಡಿ. ಹೆಸರಿನದರ ಇಕ್ಕಳಕ್ಕೆ ಎರಡು ತಿರುಪು, ಮುಂದೊಂದು ಹಿಂದೊಂದು, ಕತ್ತಿಯ ಬೆನ್ನು ಎಷ್ಟು ದಪ್ಪವಿದ್ದರೆ ಅಷ್ಟಕ್ಕೆ ಹೊಂದಿಸಬಹುದು. ಅಗ್ಗದ್ದರ ಸರಳನ್ನು ಮೊಣಕಾಲಿಗೆ ಒತ್ತಿದರೆ ಬಾಗಿತು. ಅದರ ಕಲ್ಲುಗಳಿಗೆ ನೀರು ಹಾಕಿದರೆ ಬಣ್ಣ ಬಿಟ್ಟುಕೊಂಡಿತು, ಎರಡು ಕಲ್ಲಿನ ಮೇಲಿನ ನಂಬರು ಅಳಿಸಿಯೇ ಹೋಯಿತು. ದುಬಾರಿಯದ್ದರಲ್ಲೂ ದೋಷವಿದೆ, ಇಲ್ಲ ಅನ್ನುವುದಿಲ್ಲ. ಅದರ ಕಾಗದವೆಲ್ಲ ಇಂಗ್ಲಿಷು. ನಾಲ್ಕನೇ ಕ್ಲಾಸಿನ ಕನ್ನಡ ಓದಿದವಳಿಗೆ ಅದು ಸಾಮಾನು ಕಟ್ಟುವ ಕಾಗದ ಅಷ್ಟೇ. ಎರಡೂ ಕಡೆ ಸಮನಾಗಿ ಮಸೆಯಬೇಕು ಎಂದು ಚಿತ್ರ ಬರೆದಿದ್ದಾರೆ, ನಮ್ಮ ಕೊಬ್ಬರಿ ಕತ್ತಿಯ ವಿಷಯ ಅವರಿಗೇನು ಗೊತ್ತು. ಮಚ್ಚಂತೂ ಎರಡಕ್ಕೂ ಹಿಡಿಯುವುದಿಲ್ಲ.

ಮಗಳು ತನ್ನ ಮಗಳ ಸ್ಕೆಚ್ ಪೆನ್ನು ತಂದಿದ್ದಳು. ಒಂದು ಕತ್ತಿಯ ಅಲಗಿಗೆ ಉದ್ದಕ್ಕೂ ಕಪ್ಪು ಬಳಿದಳು. ಕಲ್ಲು ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು ಹೋಗುತ್ತದೆ, ನೋಡಿದರೆ ಗೊತ್ತಾಗುತ್ತದೆ ಎಂದಳು. ಮೊದಲು ಹೆಸರಿನದರಲ್ಲಿ ಕಚ್ಚಿಸಿ ಹತ್ತು ಸಲ ಎಳೆದಳು. ಅಲಗಿನ ಉದ್ದಕ್ಕೂ ದಾರ ಇಟ್ಟ ಹಾಗೆ ಒಂದೇ ಸಮ ಬಿಳಿ ಗೆರೆ.

ಆಮೇಲೆ ಮತ್ತೆ ಕಪ್ಪು ಬಳಿದು ಅಗ್ಗದ್ದರಲ್ಲಿ ಕಚ್ಚಿಸಿದಳು. ತಿರುಪನ್ನು ಇಬ್ಬರೂ ಸೇರಿ ಬಿಗಿ ಮಾಡಿದೆವು. ಎಳೆದಳು. ಐದಾರು ಎಳೆತದವರೆಗೆ ಸರಿ ಇತ್ತು. ಆಮೇಲೆ ಬಿಳಿ ಗೆರೆ ಮೊನೆಯ ಕಡೆ ಮೇಲಕ್ಕೆ ಹತ್ತಿತು, ಹಿಡಿಯ ಕಡೆ ಕಪ್ಪು ಹಾಗೇ ಉಳಿಯಿತು. ಮಗಳ ಕೈ ನಡುಗುವ ಕೈ ಅಲ್ಲ. ಕೊಡ ತುಂಬ ಹಾಲು ಹೊತ್ತು ನಡೆದರೂ ತುಳುಕಿಸದವಳು.

"ಅಮ್ಮಾ, ಕತ್ತಿ ತಿರುಗ್ತಾ ಐತೆ."

ಬಗ್ಗಿ ನೋಡಿದೆ. ಕುಲುಮೆಯ ಕತ್ತಿಗೆ ಬೆನ್ನು ಏರುಪೇರು. ಒಂದು ತಿರುಪಿನ ಇಕ್ಕಳ ದಪ್ಪ ಇರುವ ಒಂದೇ ಜಾಗವನ್ನು ಕಚ್ಚಿತ್ತು. ಎಳೆದಂತೆಲ್ಲ ಕತ್ತಿ ಆ ಜಾಗದ ಮೇಲೆ ಬಾಗಿಲ ತಿರುಗಣೆಯ ಹಾಗೆ ತಿರುಗುತ್ತಿತ್ತು. ಅಂಗಡಿಯ ತೆಳು ಚಾಕುವಾಗಿದ್ದರೆ ನಿಲ್ಲುತ್ತಿತ್ತೋ ಏನೋ. ನಾನು ಕುಳಿತು ಎಳೆದು ನೋಡಿದೆ. ನನಗೂ ಹಾಗೇ ಆಯಿತು. ಅದೇ ಹೊಂಡ, ಅದೇ ಏರು, ಅವರು ಅವತ್ತು ಕೆಡಿಸಿದ ಕತ್ತಿಯ ಹಾಗೇ.

ಮಗಳು ಅಳುತ್ತಿದ್ದಳು. "ಅಳೋದು ಆಮೇಲೆ, ನಿಮ್ಮಪ್ಪ ಬರ್ಲಿ" ಎಂದೆ. ನನಗೆ ಸಂತೋಷವಾಗಿತ್ತು. ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಸಂಜೆ ಐದು ಗಂಟೆಗೆ ಬಂದರು. ಕಾಲು ತೊಳೆಯಲೂ ಬಿಡದೆ ಹೇಳಿದೆ.

"ರೀ, ನಿಮ್ ಕೈ ಅಲ್ಲ ಕಣ್ರೀ ಅದು. ತಿರುಪು. ಕತ್ತಿ ಒಳಗೇ ತಿರುಗ್ತಾ ಐತೆ. ಬನ್ನಿ, ತೋರಿಸ್ತೀನಿ."

ಬಂದು ಜಗಲಿಯ ಮೇಲೆ ಕುಳಿತರು. ಹೊಸ ಕ್ಷೌರದ ಕೆನ್ನೆ, ಪೌಡರಿನ ವಾಸನೆ. ನಾನು ಕಪ್ಪು ಬಳಿದೆ, ಕಚ್ಚಿಸಿದೆ, ತಿರುಪು ಬಿಗಿ ಮಾಡಿದೆ, ಎಳೆದೆ. ಆರನೆಯದೋ ಏಳನೆಯದೋ ಎಳೆತಕ್ಕೆ ಕತ್ತಿ ತಿರುಗಿತು. ಬಿಳಿ ಗೆರೆ ಸೊಟ್ಟಗಾಯಿತು.

"ನೋಡಿದ್ರಾ?"

ಅವರು ಕತ್ತಿಯನ್ನು ನೋಡಲಿಲ್ಲ. ನನ್ನ ಮುಖ ನೋಡಿದರು. "ಸಡಿಲ ಬಿಟ್ಟಿದೀಯ" ಎಂದರು.

"ಇಲ್ಲ ಕಣ್ರೀ. ನೀವೇ ಬಿಗಿ ಮಾಡಿ."

"ಬೇಕು ಅಂತ ಬಿಟ್ಟಿದೀಯ. ನಂಗೆ ಬೇಜಾರಾಗ್ಬಾರ್ದು ಅಂತ. ಆವಾಗ ಸಾಣೆಯವನು, ಈವಾಗ ತಿರುಪು."

ಮಗಳು ನಡುವೆ ಬಂದಳು. "ಅಪ್ಪಾ, ನಾನೂ ನೋಡ್ದೆ. ನನ್ ಕೈಯಾಗೂ ತಿರುಗ್ತು."

"ನೀನು ಇವಳ ಮಗಳಲ್ವೇನವ್ವ" ಎಂದರು. ಗದರಲಿಲ್ಲ. ಅವಳ ತಲೆ ಮೇಲೆ ಕೈ ಇಟ್ಟು ಹೇಳಿದರು. ಆ ಕೈ ಅವಳ ತಲೆಯ ಮೇಲೂ ಅಲ್ಲಾಡುತ್ತಿತ್ತು.

ಹೊಸ ಸೆಟ್ಟನ್ನು ಅವರ ಮುಂದಕ್ಕೆ ತಳ್ಳಿದೆ. "ಆಯ್ತು, ನನ್ನ ನಂಬಬೇಡಿ. ಇದ್ರಲ್ಲಿ ಒಂದೇ ಒಂದು ಕತ್ತಿ ಮಾಡಿ. ನಿಮ್ ಕೈನ ನೀವೇ ನೋಡ್ಕೊಳಿ."

ಕೈ ಮುಂದಕ್ಕೆ ಬಂತು. ನಾನು ಕಂಡೆ, ಸರಳಿನ ಹತ್ತಿರದವರೆಗೆ ಬಂತು. ಅಲ್ಲೇ ನಿಂತಿತು.

"ಇದ್ರಲ್ಲೂ ಕೆಟ್ರೆ?" ಎಂದರು. "ಆಮೇಲೆ ತಪ್ಪು ಯಾವ್ದರ ಮೇಲೆ ಹಾಕ್ತೀಯ?"

ಕೆಡುವುದಿಲ್ಲ ಎನ್ನಬಹುದಿತ್ತು. ಕೆಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಚೆನ್ನಾಗಿದೆ, ಚೆನ್ನಾಗಿದೆ ಎಂದು ನಾಲ್ಕು ತಿಂಗಳು ಅಂದಿದ್ದೂ ಇದೇ ಬಾಯಿ. ಅದರಲ್ಲಿ ನಿಜ ಬಂದರೆ ಗುರುತು ಹಿಡಿಯಲು ಅವರಿಗೆ ದಾರಿ ಎಲ್ಲಿ?

ಅವರು ಎದ್ದು ಕಾಲು ತೊಳೆಯಲು ಹೋದರು. ಮಗಳು ಏನೋ ಹೇಳಲು ಬಾಯಿ ತೆಗೆದಳು, ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಅವರು ಆ ದಿನ ಊಟ ಬಿಡಲಿಲ್ಲ, ಮಾತು ಬಿಡಲಿಲ್ಲ. ಮಗಳ ಮನೆಯ ಹಸು ಕರು ಹಾಕಿದ್ದನ್ನು ಕೇಳಿದರು, ಗಂಡಸಿಯಲ್ಲಿ ಸಿಕ್ಕಿದವರ ಸುದ್ದಿ ಹೇಳಿದರು. ಮುಗಿದ ವಿಷಯದಿಂದ ಎದ್ದು ಬಂದವರ ಹಾಗೆ ಹಗುರವಾಗಿದ್ದರು. ಅದು ನನಗೆ ಅಳುವಿಗಿಂತ ಕಷ್ಟವಾಯಿತು.

ಮಾರನೆಯ ಬೆಳಗ್ಗೆ ಮಗಳನ್ನು ಬಸ್ಸು ಹತ್ತಿಸಿ ಬಂದೆ. ಹಸು ಕರೆದೆ. ಮಂಡಿಗೆ ಕೊಬ್ಬರಿ ಕಳಿಸಲು ಎರಡೇ ದಿನ ಉಳಿದಿತ್ತು, ಚೆನ್ನಾಗಿದ್ದ ಕತ್ತಿಗಳೂ ಮೊಂಡಾಗಿದ್ದವು. ಅವರು ಜಗಲಿಯ ಮೇಲೆ ಕಂಬಕ್ಕೆ ಒರಗಿ ಕುಳಿತಿದ್ದರು. ಹೊಸ ಸೆಟ್ಟನ್ನು ಎತ್ತಿಕೊಂಡು ಹೋಗಿ ಬಚ್ಚಲ ಪಕ್ಕದ ಚಪ್ಪಡಿಯ ಮೇಲೆ, ಅವರ ಕಣ್ಣೆದುರಿಗೇ ಕುಳಿತೆ. ಒಂದು ಕತ್ತಿ ಕಚ್ಚಿಸಿ ಮುಂದಿನ ತಿರುಪು ಬಿಗಿ ಮಾಡಿದೆ, ಹಿಂದಿನದನ್ನು ಬಿಗಿ ಮಾಡಿದೆ. ಕಲ್ಲಿಗೆ ನೀರು ಚಿಮುಕಿಸಿ ಎಳೆದೆ. ನನ್ನ ಜನ್ಮದಲ್ಲಿ ಕತ್ತಿ ಮಸೆಯಲು ಕುಳಿತದ್ದು ಅದೇ ಮೊದಲು. ಒಂದೇ ಮಗ್ಗುಲು. ಬಿಚ್ಚಿ ಉಗುರಿನ ಮೇಲೆ ಇಟ್ಟು ನೋಡಿದೆ, ಕಚ್ಚಿತು, ಹರಿತ ಬಂದಿತ್ತು. ಹೆಂಗೈತೆ ಎಂದು ಅವರು ಕೇಳಲಿಲ್ಲ. ಚೆನ್ನಾಗೈತೆ ಎಂದು ನಾನೂ ಹೇಳಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಎರಡನೆಯ ಕತ್ತಿ ಕಚ್ಚಿಸಿದೆ. ಸ್ವಲ್ಪ ಹೊತ್ತಿಗೆ ಅವರು ಎದ್ದು ಒಳಗೆ ಹೋದರು. ಉಳಿದಿದ್ದ ಐದೂ ಕತ್ತಿ ಮುಗಿಯುವವರೆಗೆ ನಾನು ಏಳಲಿಲ್ಲ.